ಅಗ್ಗದ ಕ್ರಯವೂ ಅರಿತವನ ಋಣವೂ

ಲೋಕದಲ್ಲಿ ವಸ್ತುವೊಂದನ್ನು ಕೊಳ್ಳುವಾಗ ಮನುಷ್ಯನು ಅದರ ಬೆಲೆಯೆಷ್ಟೆಂದು ಕೇಳುತ್ತಾನೆ. ಬೆಲೆಯು ಹೆಚ್ಚಾಗಿ ತೋರಿದರೆ ಏಕೆ ಹೆಚ್ಚೆಂದೂ ಕೇಳುತ್ತಾನೆ. ಆದರೆ ಬೆಲೆಯು ಕಡಿಮೆಯಾಗಿದ್ದಲ್ಲಿ, ಅದೇಕೆ ಕಡಿಮೆಯೆಂದು ಕೇಳುವವರು ವಿರಳ. ದುಬಾರಿ ವಸ್ತುವಿನ ಮುಂದೆ ಹತ್ತು ಪ್ರಶ್ನೆಗಳನ್ನೆತ್ತುವ ಬುದ್ಧಿಯು ಅಗ್ಗದ ವಸ್ತುವಿನ ಮುಂದೆ ಮೌನವನ್ನು ತಾಳುತ್ತದೆ. ಈ ಮೌನದಲ್ಲಿ ದೋಷವುಂಟೋ ಇಲ್ಲವೋ ಎಂಬುದು ವಿಚಾರಾರ್ಹವಾದ ವಿಷಯ. ಇದು ಪಂಡಿತರ ಸಭೆಯಲ್ಲಿ ಮಾತ್ರ ಹುಟ್ಟುವ ಪ್ರಶ್ನೆಯಲ್ಲ. ಕೊಟ್ಟಿಗೆಯ ಮೂಲೆಯಲ್ಲಿ ತುಕ್ಕು ಹಿಡಿದು ನಿಂತ ಹಳೆಯ ಮೋಟಾರು ಸೈಕಲ್ಲಿನ ಮುಂದೆಯೂ ಹುಟ್ಟುವಂತಹದು.

ಇತ್ತೀಚೆಗೆ ತರುಣರಲ್ಲಿಯೂ ನಡುವಯಸ್ಸಿನ ಗೃಹಸ್ಥರಲ್ಲಿಯೂ ಹಳೆಯ ಮೋಟಾರು ಸೈಕಲ್ಲುಗಳನ್ನು ಹುಡುಕಿ ಕೊಂಡು, ಅವಕ್ಕೆ ಮತ್ತೆ ಜೀವ ಬರಿಸುವ ಹವ್ಯಾಸವು ಬೆಳೆದಿದೆ. ಕನ್ನಡ ನಾಡಿನಲ್ಲಿ ಇಂತಹವರ ಮನಸ್ಸನ್ನು ಸೆಳೆದಿರುವ ವಾಹನಗಳಲ್ಲಿ ಜಾವಾ ಮತ್ತು ಯೆಜ್ಡಿಗಳು ಮುಖ್ಯವಾದವು. ಇದು ಸಹಜವೇ ಆಗಿದೆ. ಏಕೆಂದರೆ ಅವು ಈ ನೆಲದಲ್ಲಿಯೇ ತಯಾರಾದವು. 1929ರಲ್ಲಿ ಪ್ರಾಗ್ ನಗರದ ಫ್ರಾಂಟಿಶೆಕ್ ಯಾನೆಚೆಕ್ ಎಂಬಾತನು ಜರ್ಮನಿಯ ವಾಂಡರರ್ ಸಂಸ್ಥೆಯಿಂದ ಮೋಟಾರು ಸೈಕಲ್ಲಿನ ಉದ್ಯಮವನ್ನು ಕೊಂಡು, ತನ್ನ ಹೆಸರಿನ ಮತ್ತು ಆ ಸಂಸ್ಥೆಯ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಜಾವಾ ಎಂಬ ಹೆಸರನ್ನಿಟ್ಟನು. ಆ ಸಂಸ್ಥೆಯ ಪರವಾನಗಿಯನ್ನು ಪಡೆದು ಮೈಸೂರಿನಲ್ಲಿ ಸ್ಥಾಪಿತವಾದ ಐಡಿಯಲ್ ಜಾವಾ ಕಾರ್ಖಾನೆಯನ್ನು ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಶ್ರೀ ಜಯಚಾಮರಾಜ ಒಡೆಯರು ಉದ್ಘಾಟಿಸಿದರು. 1961ರಿಂದ ಅಲ್ಲಿ ವಾಹನಗಳು ತಯಾರಾಗತೊಡಗಿ, 1973ರಿಂದೀಚೆಗೆ ಯೆಜ್ಡಿ ಎಂಬ ಹೆಸರಿನಲ್ಲಿ ಹೊರಬಂದವು. 1996ರಲ್ಲಿ ಕಾರ್ಖಾನೆಯು ಮುಚ್ಚಿತು. ಎಡಬಲಗಳಲ್ಲಿ ಎರಡು ಹೊಗೆಕೊಳವೆಗಳು, ಚಾಲೂ ಮಾಡುವ ಕಿಕ್ಕನ್ನೇ ಮುಂದಕ್ಕೆ ಮಡಿಚಿದರೆ ಗೇರಿನ ಸನ್ನೆಯಾಗುವ ಚಮತ್ಕಾರ, ದೂರದಿಂದಲೇ ಗುರುತಿಸಬಹುದಾದ ಧ್ವನಿ: ಇವು ಹಳೆಯ ತಲೆಮಾರಿನವರಿಗೆ ಇಂದಿಗೂ ನೆನಪಿವೆ.

ಈಗ ಒಂದು ಪ್ರಸಂಗವನ್ನು ಭಾವಿಸಬಹುದು. ಹಳ್ಳಿಯೊಂದರಲ್ಲಿ ವೃದ್ಧೆಯೊಬ್ಬಳಿದ್ದಾಳೆ. ಆಕೆಯ ಪತಿಯು ತೀರಿಹೋಗಿ ಹದಿನೈದು ವರುಷಗಳಾದವು. ಆತನು ಪ್ರೀತಿಯಿಂದ ಇಟ್ಟುಕೊಂಡಿದ್ದ ಮೋಟಾರು ಸೈಕಲ್ಲು ಅಂದಿನಿಂದ ಕೊಟ್ಟಿಗೆಯಲ್ಲಿ ಗೋಣಿತಾಟು ಹೊದ್ದು ನಿಂತಿದೆ. ಅದರ ಆಸನವು ಕೋಳಿಗಳ ರಾತ್ರಿಯ ತಾಣವಾಗಿದೆ. ಮಕ್ಕಳು ಪಟ್ಟಣ ಸೇರಿದ್ದಾರೆ. ಗುಜರಿಯ ವ್ಯಾಪಾರಿಯು ತೂಕದ ಲೆಕ್ಕದಲ್ಲಿ 5,000 ರೂಪಾಯಿ ಕೊಡುವೆನೆಂದು ಹೇಳಿ ಹೋಗಿದ್ದಾನೆ. ಅಷ್ಟರಲ್ಲಿ ಒಬ್ಬ ತರುಣನು ಸುದ್ದಿ ತಿಳಿದು ಬರುತ್ತಾನೆ. ವೃದ್ಧೆಯು, "6,000 ಕೊಟ್ಟು ತೆಗೆದುಕೊಂಡು ಹೋಗಪ್ಪಾ, ಮನೆಯಲ್ಲಿ ಜಾಗವಾದರೂ ಆಗುತ್ತದೆ" ಎನ್ನುತ್ತಾಳೆ. ತರುಣನು ಬಗ್ಗಿ ನೋಡುತ್ತಾನೆ. ಪೆಟ್ರೋಲಿನ ಟಾಕಿಯು ಮೂಲದ್ದೇ ಆಗಿದೆ. ಚೌಕಟ್ಟಿನ ಸಂಖ್ಯೆಯೂ ಎಂಜಿನ್ನಿನ ಸಂಖ್ಯೆಯೂ ನೋಂದಣಿ ಪತ್ರದಲ್ಲಿರುವುದಕ್ಕೆ ಸರಿಹೊಂದುತ್ತವೆ. ಆ ಪತ್ರವನ್ನು ವೃದ್ಧೆಯು ಪತಿಯ ಅಂಗವಸ್ತ್ರದೊಡನೆ ಟ್ರಂಕಿನಲ್ಲಿ ಜೋಪಾನವಾಗಿಟ್ಟಿದ್ದಾಳೆ. ಇದೇ ಸ್ಥಿತಿಯಲ್ಲಿರುವ ವಾಹನಕ್ಕೆ ಬಲ್ಲವರು ಐದಾರು ಪಟ್ಟು ಹಣವನ್ನು ಸಂತೋಷದಿಂದ ಕೊಡುವರೆಂದು ತರುಣನು ಬಲ್ಲನು, ವೃದ್ಧೆಯು ಅರಿಯಳು. ಅವನು ಬಾಯಿ ಮುಚ್ಚಿಕೊಂಡು 6,000 ರೂಪಾಯಿಗಳನ್ನು ಎಣಿಸಬಹುದೇ?

ಇಲ್ಲಿ ಪೂರ್ವಪಕ್ಷವನ್ನು ಮೊದಲು ನ್ಯಾಯವಾಗಿ ಕೇಳತಕ್ಕದ್ದು. ಬೆಲೆಯನ್ನು ಹೇಳಿದವಳು ಆಕೆ. ಅವನು ಸುಳ್ಳಾಡಿಲ್ಲ, ಬಲಾತ್ಕರಿಸಿಲ್ಲ. ಗುಜರಿಯವನಿಗಿಂತ ಹೆಚ್ಚನ್ನೇ ಕೊಡುತ್ತಿದ್ದಾನೆ. ಅವನ ಅರಿವು ಪುಕ್ಕಟೆಯಾಗಿ ಬಂದುದಲ್ಲ, ಅನೇಕ ವರುಷಗಳ ಪರಿಶ್ರಮದಿಂದ ಬಂದುದು. ಅರಿವಿಗೆ ಪ್ರತಿಫಲವಿಲ್ಲವಾದರೆ ವೈದ್ಯನಿಗೂ ಶಿಲ್ಪಿಗೂ ಪ್ರತಿಫಲವಿರಲಾಗದು. ಮೇಲಾಗಿ ಎಂಜಿನ್ನು ಒಳಗೆ ಒಡೆದಿರಲೂಬಹುದು. ಆ ನಷ್ಟವನ್ನು ಹೊರುವವನು ಅವನೇ. ದೇಶದ ಕಾನೂನೂ ಅವನ ಕಡೆಗಿದ್ದಂತೆ ತೋರುತ್ತದೆ. 1872ರ ಕರಾರು ಕಾಯಿದೆಯ 17ನೆಯ ಪ್ರಕರಣದ ವಿವರಣೆಯಂತೆ, ಮಾತನಾಡಬೇಕಾದ ಕರ್ತವ್ಯವು ವಿಶೇಷವಾಗಿ ಒದಗದ ಹೊರತು, ಅಥವಾ ಮೌನವೇ ಮಾತಿಗೆ ಸಮನಾಗದ ಹೊರತು, ಸುಮ್ಮನಿರುವುದಷ್ಟೇ ವಂಚನೆಯಾಗುವುದಿಲ್ಲ. ಹೀಗಿರುವಾಗ ದೋಷವೆಲ್ಲಿ?

ಈ ವಾದವು ಬಲವಾದುದೇ ಸರಿ. ಆದರೆ ಅದೇ ಕಾಯಿದೆಯು ಕೊಡುವ ದೃಷ್ಟಾಂತವನ್ನು ಗಮನಿಸಬೇಕು. ಬೆಲೆಗಳ ಏರಿಳಿತದ ಗುಟ್ಟನ್ನು ಅರಿತವನು ಅದನ್ನು ಎದುರಾಳಿಗೆ ತಿಳಿಸಬೇಕಾಗಿಲ್ಲವೆಂದು ಹೇಳುವಲ್ಲಿ, ಅದು ಇಬ್ಬರು ವ್ಯಾಪಾರಿಗಳನ್ನು ಉದಾಹರಿಸುತ್ತದೆ. ವ್ಯಾಪಾರಿಗಳಿಬ್ಬರೂ ತಮ್ಮ ತಮ್ಮ ತಕ್ಕಡಿಗಳನ್ನು ಹಿಡಿದೇ ಸಂತೆಗೆ ಬಂದವರು. ಕೊಟ್ಟಿಗೆಯ ಬಾಗಿಲಲ್ಲಿ ನಿಂತ ವೃದ್ಧೆಯ ಕೈಯಲ್ಲಿ ತಕ್ಕಡಿಯೇ ಇಲ್ಲ. ಮತ್ತು ಕಾನೂನು ದಂಡಿಸದಿರುವುದೆಲ್ಲ ಧರ್ಮವೆಂದು ಯಾರೂ ಹೇಳಲಾರರು. ವೈದ್ಯನ ಉದಾಹರಣೆಯೂ ಇಲ್ಲಿ ಹೊಂದುವುದಿಲ್ಲ. ವೈದ್ಯನು ತನ್ನ ಅರಿವನ್ನು ರೋಗಿಯ ಹಿತಕ್ಕಾಗಿ ಬಳಸಿ ಸಂಭಾವನೆಯನ್ನು ಪಡೆಯುತ್ತಾನೆ; ರೋಗಿಯ ಅಜ್ಞಾನವನ್ನೇ ಬಂಡವಾಳವಾಗಿಸಿಕೊಂಡು ಪಡೆದರೆ ಅದನ್ನು ಸಂಭಾವನೆಯೆಂದು ಯಾರೂ ಕರೆಯರು.

ಆದುದರಿಂದ ಸಿದ್ಧಾಂತವು ಹೀಗೆ ನಿಲ್ಲುತ್ತದೆ. ಹಳೆಯ ವಸ್ತುವಿನ ಮೌಲ್ಯವು ಎರಡು ಬಗೆಯದು. ಈಗಾಗಲೇ ಅದರಲ್ಲಿ ಇರುವುದು ಸಿದ್ಧಮೌಲ್ಯ; ದುಡಿದು ತರಬೇಕಾದುದು ಸಾಧ್ಯಮೌಲ್ಯ. ಸಿದ್ಧಮೌಲ್ಯಕ್ಕೆ ಒಡೆಯನು ವಸ್ತುವಿನ ಒಡೆಯನೇ. ಅವನು ಅದನ್ನು ಅರಿಯದಿರುವ ಮಾತ್ರಕ್ಕೆ ಅದು ಅರಿತವನ ಪಾಲಾಗುವುದಿಲ್ಲ. ಹೊಲದ ಬೇಲಿಯ ಒಳಗೆ ಬಿದ್ದ ನಾಣ್ಯವನ್ನು ಹೊಲದವನು ಕಾಣದೆ ದಾರಿಗನು ಕಂಡರೆ, ಕಂಡವನಿಗೆ ಅದು ಸೇರುವುದಿಲ್ಲವಷ್ಟೆ. ಸಾಧ್ಯಮೌಲ್ಯಕ್ಕಾದರೋ ದುಡಿಯುವವನೇ ಒಡೆಯ. ಅದರಲ್ಲಿ ಮಾರುವವನಿಗೆ ಹಕ್ಕಿಲ್ಲ. ಎಂಜಿನ್ನು ಒಡೆದಿರಬಹುದೆಂಬ ಅಪಾಯಕ್ಕಾಗಿ ತರುಣನು ಬೆಲೆಯಲ್ಲಿ ಕಡಿತವನ್ನು ಕೇಳಬಹುದು. ಆದರೆ ಬಾಯಿಬಿಟ್ಟು ಕೇಳಬೇಕು. "ಅಮ್ಮಾ, ಇದು ಬರಿಯ ಕಬ್ಬಿಣವಲ್ಲ; ಇದನ್ನು ಬಯಸುವವರಿದ್ದಾರೆ; ಇಷ್ಟು ಬಾಳುತ್ತದೆ; ಒಳಗೆ ಕೆಟ್ಟಿರಬಹುದಾದುದರಿಂದ ನಾನು ಇಷ್ಟು ಕೊಡಬಲ್ಲೆ" ಎಂದು ಹೇಳುವುದಕ್ಕೆ ಮಹಾವಿದ್ವತ್ತೇನೂ ಬೇಕಾಗಿಲ್ಲ.

ಹಾಗೆ ಹೇಳಿದರೆ ವಾಹನವು ಕೈತಪ್ಪಬಹುದಲ್ಲವೇ ಎಂದು ಆಕ್ಷೇಪಿಸಬಹುದು. ಅಹುದು, ತಪ್ಪಬಹುದು. ವೃದ್ಧೆಯು ಮಕ್ಕಳನ್ನು ಕೇಳುವೆನೆನ್ನಬಹುದು. ಮಕ್ಕಳು ಇನ್ನೂ ಹೆಚ್ಚು ಕೇಳಬಹುದು. ಹಣವಂತನಾದ ಮತ್ತೊಬ್ಬನು ಬಂದು ಒಯ್ಯಬಹುದು. ತರುಣನು ಬರಿಗೈಯಲ್ಲಿ ಬಸ್ಸು ಹತ್ತಬೇಕಾಗಬಹುದು. ಸತ್ಯವನ್ನಾಡಿದವನಿಗೆ ಕೊನೆಯಲ್ಲಿ ಲಾಭವೇ ಆಗುವುದೆಂದು ಭರವಸೆ ಕೊಡುವುದು ಸುಲಭ; ಆದರೆ ಅದು ಸತ್ಯವಲ್ಲ. ನಷ್ಟವಾಗುವ ಸಂಭವವಿರುವುದರಿಂದಲೇ ಇದು ನೀತಿಯ ಪ್ರಶ್ನೆಯಾಗಿದೆ. ಲಾಭವೇ ನಿಶ್ಚಿತವಾಗಿದ್ದರೆ ಇದು ಬರಿಯ ಲೆಕ್ಕದ ಪ್ರಶ್ನೆಯಾಗುತ್ತಿದ್ದಿತು.

ಇನ್ನು ವಾಹನವು ನ್ಯಾಯವಾದ ಬೆಲೆಗೆ ಮನೆಗೆ ಬಂದಿತೆಂದಿಟ್ಟುಕೊಂಡರೆ, ಸಾಧ್ಯಮೌಲ್ಯವೆಂಬುದು ಎಷ್ಟು ದುಡಿಮೆಯನ್ನು ಬೇಡುವುದೆಂಬುದು ಆಗ ಗೊತ್ತಾಗುತ್ತದೆ. ಹದಿನೈದು ವರುಷ ನಿಂತ ಎಂಜಿನ್ನಿನಲ್ಲಿ ಪಿಸ್ಟನ್ನು ಸಿಲಿಂಡರಿಗೆ ತುಕ್ಕಿನಿಂದ ಕಚ್ಚಿಕೊಂಡಿರುವುದುಂಟು. ಆತುರಗಾರನು ಕಿಕ್ಕನ್ನು ಬಲವಾಗಿ ತುಳಿದು ಇದ್ದುದನ್ನೂ ಮುರಿಯುತ್ತಾನೆ. ಬಲ್ಲವನು ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ, ಆ ರಂಧ್ರದಲ್ಲಿ ತೆಳುವಾದ ಎಣ್ಣೆಯನ್ನೆರೆದು, ದಿನಗಟ್ಟಲೆ ಕಾದು, ಮೆಲ್ಲನೆ ಅಲುಗಿಸಿ ಬಿಡಿಸುತ್ತಾನೆ. ಸಿಲಿಂಡರಿನ ಒಡಲು 65 ಮಿಲಿಮೀಟರು ಅಗಲದ್ದು. ಅದು ಗೀರುಬಿದ್ದು ಸವೆದಿದ್ದರೆ ಕೊರೆಸಿ, ಕಾಲು ಮಿಲಿಮೀಟರಿನಷ್ಟು ದೊಡ್ಡದಾದ ಪಿಸ್ಟನ್ನನ್ನು ಕೂಡಿಸಬೇಕು. ಇದು ಟೂ ಸ್ಟ್ರೋಕ್ ಎಂಜಿನ್ನು. ಪೆಟ್ರೋಲಿನೊಡನೆ ಲೀಟರಿಗೆ 30ರಿಂದ 40 ಮಿಲಿಲೀಟರಿನಷ್ಟು ಬೆರೆಸುವ ಎಣ್ಣೆಯೇ ಪಿಸ್ಟನ್ನಿಗೆ ಜಾರಿಕೆಯನ್ನು ಕೊಡುವುದು. ಅದನ್ನು ಮರೆತವನ ಎಂಜಿನ್ನು ಬೇಗನೆ ಸುಟ್ಟು ಬಿಗಿದುಕೊಳ್ಳುತ್ತದೆ. ಕ್ರ್ಯಾಂಕಿನ ಎರಡು ಬದಿಯ ರಬ್ಬರಿನ ಸೀಲುಗಳು ಒಣಗಿ ಬಿರಿದಿದ್ದರೆ ಗಾಳಿಯು ಒಳನುಗ್ಗಿ ಮಿಶ್ರಣವನ್ನು ಕೆಡಿಸುತ್ತದೆ. ಅವನ್ನು ಬದಲಿಸಲು ಒಂದು ಕಡೆ ಡೈನಮೋವನ್ನೂ ಮತ್ತೊಂದು ಕಡೆ ಕ್ಲಚ್ಚನ್ನೂ ಬಿಚ್ಚಬೇಕು. ಕಿಡಿಯನ್ನು ಹುಟ್ಟಿಸುವ ಪಾಯಿಂಟುಗಳ ನಡುವಣ ಸಂದು ಸುಮಾರು 0.4 ಮಿಲಿಮೀಟರು ಇರಬೇಕು. ಟಾಕಿಯ ಒಳಗಿನ ತುಕ್ಕನ್ನು ತೊಳೆಯದಿದ್ದರೆ ಅದು ಇಳಿದು ಕಾರ್ಬ್ಯುರೇಟರಿನ ಸೂಕ್ಷ್ಮ ರಂಧ್ರಗಳನ್ನು ಮುಚ್ಚುತ್ತದೆ. ಯಂತ್ರದೊಡನೆ ವ್ಯವಹರಿಸುವವನು ಇಲ್ಲಿ ಒಂದು ಪಾಠವನ್ನು ಕಲಿಯುತ್ತಾನೆ. ಮನುಷ್ಯರನ್ನು ಮಾತಿನಿಂದ ಒಪ್ಪಿಸಬಹುದು, ಯಂತ್ರವನ್ನು ಒಪ್ಪಿಸಲಾಗದು. ಆಗಬೇಕಾದುದು ಆಗದಿದ್ದರೆ ಕಿಡಿಯು ಹಾರುವುದಿಲ್ಲ.

ಆದರೆ ಯಂತ್ರವು ಒಪ್ಪದ ಸುಳ್ಳನ್ನು ಬಣ್ಣವು ಒಪ್ಪುತ್ತದೆ. ತುಕ್ಕು ತಿಂದ ಕಬ್ಬಿಣದ ಮೇಲೆ ಮೇಣವನ್ನು ಮೆತ್ತಿ ಹೊಳೆಯುವ ಬಣ್ಣವನ್ನು ಬಳಿದರೆ ಕಣ್ಣಿಗೆ ಹೊಸದಾಗಿ ಕಾಣುತ್ತದೆ. ಬೇರೊಂದು ವಾಹನದ ಎಂಜಿನ್ನನ್ನು ಕೂಡಿಸಿ ಸಂಖ್ಯೆಯನ್ನು ಕೆರೆದು ಹೊಸದಾಗಿ ಕೊರೆಯುವವರೂ ಉಂಟು. ಇದು ಕಾನೂನಿಗೂ ವಿರುದ್ಧ, ಸತ್ಯಕ್ಕೂ ವಿರುದ್ಧ. ಕೊಳ್ಳುವಾಗ ವೃದ್ಧೆಯ ಅಜ್ಞಾನವು ಹೇಗೆ ಅವನದಲ್ಲದ ಸಂಪತ್ತೋ, ಮಾರುವಾಗ ಮುಂದಿನವನ ಅಜ್ಞಾನವೂ ಹಾಗೆಯೇ. ಯಾವ ಭಾಗವು ಮೂಲದ್ದು, ಯಾವುದು ಹೊಸದು, ಎಲ್ಲಿ ಬೆಸುಗೆ ಬಿದ್ದಿದೆ ಎಂಬುದನ್ನು ಬರೆದಿಟ್ಟು ಮುಂದಿನವನ ಕೈಗೆ ಕೊಡುವವನು ತನ್ನ ದುಡಿಮೆಗೆ ಕುಂದನ್ನು ತಂದುಕೊಳ್ಳುವುದಿಲ್ಲ; ಅದಕ್ಕೆ ಸಾಕ್ಷಿಯನ್ನು ಒದಗಿಸುತ್ತಾನೆ.

ಈ ಪ್ರಕರಣದಲ್ಲಿ ಮೂರನೆಯವನೊಬ್ಬನಿದ್ದಾನೆ. ಅವನನ್ನು ಸಾಮಾನ್ಯವಾಗಿ ಮರೆಯಲಾಗುತ್ತದೆ. ಪಟ್ಟಣದ ಗಲ್ಲಿಯಲ್ಲಿ ಕುಳಿತು, ಈ ಹಳೆಯ ಎಂಜಿನ್ನುಗಳ ಧ್ವನಿಯನ್ನು ಕೇಳಿಯೇ ರೋಗವನ್ನು ಹೇಳಬಲ್ಲ ವೃದ್ಧ ಮೇಸ್ತ್ರಿಯೇ ಅವನು. ಅವನ ಅರಿವಿಲ್ಲದೆ ತರುಣನ ಹಂಬಲವು ಫಲಿಸುವುದಿಲ್ಲ. ಅಂತಹವನೊಡನೆ ನೂರು ರೂಪಾಯಿಗಾಗಿ ಚೌಕಾಶಿ ಮಾಡಿ, ಬಳಿಕ ಬಣ್ಣಕ್ಕೂ ಥಳಕಿಗೂ ಸಾವಿರಗಳನ್ನು ಸುರಿಯುವವರನ್ನು ಕಾಣುತ್ತೇವೆ. ತನ್ನ ಅರಿವಿಗೆ ಪ್ರತಿಫಲ ಬೇಕೆಂದು ಕೊಟ್ಟಿಗೆಯ ಬಾಗಿಲಲ್ಲಿ ವಾದಿಸಿದವನು ಮೇಸ್ತ್ರಿಯ ಅರಿವಿಗೆ ಪ್ರತಿಫಲವನ್ನು ನಿರಾಕರಿಸುವುದು ಸ್ವವಚನ ವಿರೋಧ. ಕಾಯಕದ ಮಹಿಮೆಯನ್ನು ಬಾಯಲ್ಲಿ ಹೊಗಳಿದರೆ ಸಾಲದು; ಕಾಯಕದವನ ಕೂಲಿಯು ಕೈಯಿಂದ ಸಲ್ಲಬೇಕು.

ಗೃಹಸ್ಥರು ವಿಚಾರಿಸಬೇಕಾದ ಮತ್ತೊಂದು ಅಂಶವಿದೆ. ಅಗ್ಗಕ್ಕೆ ಕೊಂಡುದು ಅಗ್ಗವಾಗಿ ಉಳಿಯುವುದಿಲ್ಲ. ಕೊಂಡ ಬೆಲೆಯ ಎಷ್ಟೋ ಪಟ್ಟು ಹಣವು ಬಿಡಿಭಾಗಗಳಿಗೂ ಕೆಲಸಕ್ಕೂ ವ್ಯಯವಾಗುತ್ತದೆ. ಖಾಸಗಿ ವಾಹನದ ನೋಂದಣಿಯ ಅವಧಿಯು 15 ವರುಷ; ಅನಂತರ ಐದೈದು ವರುಷಗಳಿಗೊಮ್ಮೆ ಅದನ್ನು ಪರೀಕ್ಷೆಗೊಳಪಡಿಸಿ ನವೀಕರಿಸಬೇಕು. ಮೊದಲ ನೋಂದಣಿಯಾಗಿ 50 ವರುಷ ಮೀರಿದ, ಮೂಲರೂಪವನ್ನು ಉಳಿಸಿಕೊಂಡ ವಾಹನಗಳಿಗೆ ಕೇಂದ್ರ ಸರಕಾರವು 2021ರಲ್ಲಿ ಪ್ರತ್ಯೇಕ ನಿಯಮಗಳನ್ನು ಮಾಡಿತು. ಆ ನಿಯಮಗಳ ಮೇರೆಗೆ ನೋಂದಣಿಯಾದ ವಾಹನವನ್ನು ದಿನಬಳಕೆಗೆ ಓಡಿಸುವಂತಿಲ್ಲ. ಇವೆಲ್ಲವನ್ನೂ ಮೊದಲೇ ಲೆಕ್ಕಹಾಕಿ, ಮಗುವಿನ ವಿದ್ಯೆಗೋ ಮನೆಯವರ ಔಷಧಕ್ಕೋ ಮೀಸಲಾದ ಹಣವನ್ನು ಮುಟ್ಟದೆ ಮಾಡಬಲ್ಲವನಿಗೆ ಈ ಹವ್ಯಾಸವು ನಿರ್ದೋಷವಾದುದು. ಮುಟ್ಟಿ ಮಾಡಿದವನು ಹೊರಗಿನ ವೃದ್ಧೆಗೆ ಮೋಸ ಮಾಡದಿದ್ದರೂ ಮನೆಯೊಳಗಿನವರಿಗೆ ಮೋಸ ಮಾಡಿದಂತಾಯಿತು. ಒಂದು ಎದ್ದು ನಿಂತೊಡನೆ ಇನ್ನೊಂದನ್ನು ತಂದು, ಯಾವುದನ್ನೂ ಓಡಿಸದೆ ಸಾಲಾಗಿ ನಿಲ್ಲಿಸಿದರೆ, ಕೊಟ್ಟಿಗೆಯೊಂದರಿಂದ ಬಿಡಿಸಿ ತಂದುದನ್ನು ಮತ್ತೊಂದು ಕೊಟ್ಟಿಗೆಗೆ ಸೇರಿಸಿದಂತಾಗುವುದೇ ಹೊರತು ಬೇರೇನೂ ಆಗದು.

ಇಷ್ಟಾದ ಮೇಲೂ ಕೊಂಡದ್ದು ನ್ಯಾಯವೋ ಅನ್ಯಾಯವೋ ಎಂಬ ಸಂಶಯವು ಉಳಿದರೆ ಒಂದು ಸುಲಭವಾದ ಪರೀಕ್ಷೆಯಿದೆ. ವಾಹನವು ಸಿದ್ಧವಾಗಿ, ಹೊಸ ಬಣ್ಣದಲ್ಲಿ ಹೊಳೆಯುತ್ತ, ಎರಡು ಕೊಳವೆಗಳಿಂದ ಆ ಹಳೆಯ ಧ್ವನಿಯನ್ನು ಹೊರಡಿಸುತ್ತ ಅದೇ ಹಳ್ಳಿಯ ದಾರಿಯಲ್ಲಿ ಬರುತ್ತಿದೆಯೆಂದು ಭಾವಿಸಬೇಕು. ಆ ಧ್ವನಿಯನ್ನು ವೃದ್ಧೆಯು ಅರಿಯಳೆ? ಎಷ್ಟೋ ಸಂಜೆಗಳಲ್ಲಿ ಅದನ್ನು ಆಲಿಸುತ್ತ ಬಾಗಿಲಲ್ಲಿ ನಿಂತವಳು ಆಕೆ. ಈಗಲೂ ಹೊರಗೆ ಬಂದು ನಿಲ್ಲುತ್ತಾಳೆ. ಆಗ ಸವಾರನು ವಾಹನವನ್ನು ಆ ಬಾಗಿಲಲ್ಲಿ ನಿಲ್ಲಿಸಿ, ಇದಕ್ಕೆ ಈಗ ಬರುವ ಬೆಲೆಯನ್ನೂ ತನಗಾದ ಖರ್ಚನ್ನೂ ಆಕೆ ಕೇಳಿದರೆ ಮರೆಮಾಚದೆ ಹೇಳಬಲ್ಲನೆ? ಹೇಳಬಲ್ಲನಾದರೆ ಅವನ ಕ್ರಯವು ಶುದ್ಧವಾದುದು. ಆ ಬಾಗಿಲು ಬಂದೊಡನೆ ಮುಖ ತಿರುಗಿಸಿ ವೇಗವನ್ನು ಹೆಚ್ಚಿಸಬೇಕಾಗಿ ಬಂದರೆ, ಅವನು ಕೊಡದೆ ಉಳಿಸಿಕೊಂಡ ಋಣವು ಇನ್ನೂ ಆ ಹೊಸ್ತಿಲಲ್ಲಿಯೇ ಇದೆಯೆಂದು ತಿಳಿಯಬೇಕು. ಹೋಗಿ ಸಲ್ಲಿಸುವುದಕ್ಕೆ ಹೊತ್ತು ಮೀರಿಲ್ಲ.