ನಾಲೆ ಏರಿಯ ಮೇಲೆ ಸೈಕಲ್ಲು

ಪರಂಗಿಮಲೈ ಬಿಟ್ಟರೆ ಚೆನ್ನೈಯಲ್ಲಿ ಬೆಟ್ಟ ಅನ್ನುವಂಥದ್ದು ಹೆಚ್ಚೇನಿಲ್ಲ. ಆದರೂ ಇಲ್ಲಿ ಮೌಂಟೇನ್ ಬೈಕುಗಳು ಮಾರಾಟವಾಗುತ್ತವೆ, ನನ್ನ ಹತ್ತಿರವೂ ಒಂದಿದೆ. ದಪ್ಪ ಟೈರು, ಮುಂದೆ ಸಸ್ಪೆನ್ಶನ್, ಇಪ್ಪತ್ತೊಂದು ಗೇರು. ಅದರಲ್ಲಿ ನಾನು ಬಳಸುವುದು ಮೂರೋ ನಾಲ್ಕೋ. ಬೆಟ್ಟಕ್ಕೆಂದು ಮಾಡಿದ ಗಾಡಿಯನ್ನು ನೀರಿನ ಪಕ್ಕದ ಸಮತಟ್ಟು ಮಣ್ಣುದಾರಿಯಲ್ಲಿ ಓಡಿಸುವ ನಮ್ಮಂಥವರು ಲೋಕದಲ್ಲಿ ಬಹಳ ಮಂದಿ ಇದ್ದಾರೆ. ಫ್ರಾನ್ಸಿನ ಕನಾಲ್ ದು ಮಿದಿಯಲ್ಲಿ, ಹಿಂದೆ ದೋಣಿ ಎಳೆಯುವ ಕುದುರೆಗಳು ನಡೆದ ದಂಡೆಯ ಮೇಲೆ ಈಗ ಸೈಕಲ್ಲುಗಳು ಓಡುತ್ತವೆ. ಏದುಸಿರಿಲ್ಲ, ಮಂಡಿನೋವಿಲ್ಲ. ನಲವತ್ತು ದಾಟಿದವರಿಗೆ ಹೇಳಿ ಮಾಡಿಸಿದ ಹವ್ಯಾಸ.

ನನಗಿದು ಹೊಸತೂ ಅಲ್ಲ. ನಾನು ಮಂಡ್ಯ ಕಡೆಯವನು. ವಿ.ಸಿ. ನಾಲೆಯ ಏರಿ ಮೇಲೆ, ಅಪ್ಪನ ಸೈಕಲ್ಲಿನ ಬಾರಿನ ಕೆಳಗೆ ಕಾಲು ತೂರಿಸಿ, ಒಳಪೆಡಲು ಹೊಡೆದು ಕಲಿತವನು. ನಾಲೆ ಏರಿ ಯಾಕಷ್ಟು ಸಲೀಸು ಎಂದು ಆಗ ಯೋಚಿಸಿದವನಲ್ಲ. ನೀರು ಹದವಾಗಿ ಹರಿಯಬೇಕಾದರೆ ನಾಲೆಗೆ ಇಳಿಜಾರು ಇದ್ದೂ ಇಲ್ಲದಂತಿರಬೇಕು. ಹಾಗಾಗಿ ಅದರ ಪಕ್ಕದ ದಾರಿಯೂ ಹಾಗೇ ಇರುತ್ತದೆ. ದಿಣ್ಣೆ ಬಂದಲ್ಲಿ ಕಡಿದಿರುತ್ತಾರೆ, ತಗ್ಗು ಬಂದಲ್ಲಿ ತುಂಬಿರುತ್ತಾರೆ. ನಮ್ಮ ಕಾಲಿಗೆ ಬೀಳಬೇಕಿದ್ದ ಭಾರ ಎಂದೋ ಯಾರದೋ ತಲೆಯ ಮೇಲಿನ ಮಂಕರಿಗೆ ಬಿದ್ದಿರುತ್ತದೆ.

ಚೆನ್ನೈಯ ನಾಲೆ ಎಂದರೆ ಬಕಿಂಗ್‌ಹ್ಯಾಮ್ ಕಾಲುವೆ. 1806ರಲ್ಲಿ ಎಣ್ಣೂರಿನ ಕಡೆಗೆ ತೋಡಲು ಶುರುವಾಗಿ, ಮುಂದೆ ಆಂಧ್ರದ ಪೆದ್ದಗಂಜಾಮಿನಿಂದ ತಮಿಳುನಾಡಿನ ಮರಕ್ಕಾಣಂವರೆಗೆ ಸುಮಾರು 420 ಕಿಲೋಮೀಟರು ಬೆಳೆಯಿತು. ಉಪ್ಪು, ಸೌದೆ, ಮೀನು ಇದರಲ್ಲೇ ದೋಣಿಗಳಲ್ಲಿ ಮದ್ರಾಸಿಗೆ ಬರುತ್ತಿದ್ದವು. ಊರಿನ ನಡುವೆ ಕೂವಂ ಮತ್ತು ಅಡ್ಯಾರ್ ನದಿಗಳನ್ನು ಜೋಡಿಸುವ ಸುಮಾರು ಎಂಟು ಕಿಲೋಮೀಟರಿನ ತುಂಡನ್ನು ತೋಡಿದ್ದು 1877-78ರಲ್ಲಿ, ಬರ ಪರಿಹಾರದ ಕಾಮಗಾರಿಯಾಗಿ. ಆಗಿನ ಗವರ್ನರ್ ಡ್ಯೂಕ್ ಆಫ್ ಬಕಿಂಗ್‌ಹ್ಯಾಮ್ ಹೆಸರೇ ಕಾಲುವೆಗೂ ಬಂತು.

ಆ ಬರವನ್ನು ತಮಿಳರು ಧಾತು ವರ್ಷದ ಪಂಜಂ ಅನ್ನುತ್ತಾರೆ. ನಮ್ಮಲ್ಲಿ ಧಾತು-ಈಶ್ವರ ಸಂವತ್ಸರಗಳ ಬರ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದದ್ದು 1881ರ ಹೊತ್ತಿಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಹಸಿದವರಿಗೆ ಪುಕ್ಕಟೆ ಕೊಟ್ಟರೆ ಸೋಮಾರಿಗಳಾಗುತ್ತಾರೆ ಎಂಬ ಚಿಂತೆ ಸರಕಾರಕ್ಕೆ. ಬರದ ಕೆಲಸಕ್ಕೆ ಬಂದ ಗಂಡಾಳಿಗೆ ದಿನಕ್ಕೆ ಒಂದು ಪೌಂಡು, ಅಂದರೆ ಸುಮಾರು 450 ಗ್ರಾಂ ಧಾನ್ಯ ಮತ್ತು ಒಂದಾಣೆ ಸಾಕು ಎಂದು ಸರ್ ರಿಚರ್ಡ್ ಟೆಂಪಲ್ ಗೊತ್ತುಮಾಡಿದ. ಇಷ್ಟರಲ್ಲಿ ದುಡಿಯುವ ದೇಹ ಉಳಿಯುವುದಿಲ್ಲ ಎಂದು ಮದ್ರಾಸಿನ ಸ್ಯಾನಿಟರಿ ಕಮಿಷನರ್ ಕಾರ್ನಿಷ್ ವಾದಿಸಿದ. ಒಂದು ಪೌಂಡೋ ಒಂದೂವರೆ ಪೌಂಡೋ ಎಂಬ ಆ ಜಗಳ ಕಡತಗಳ ಮೇಲೆ ನಡೆಯುತ್ತಿದ್ದಾಗ ಜನ ಮಣ್ಣು ಹೊರುತ್ತಲೇ ಇದ್ದರು.

ಹಾಗಾದರೆ ಅಂಥ ದಂಡೆಯ ಮೇಲೆ ಖುಷಿಗಾಗಿ ಸೈಕಲ್ ಹೊಡೆಯುವುದು ಸರಿಯೇ? ನನ್ನ ಪ್ರಕಾರ ಇದು ಅಂಥ ಕಷ್ಟದ ಪ್ರಶ್ನೆಯೇ ಅಲ್ಲ. ಆ ಮಣ್ಣು ಹೊತ್ತವರು ಇಂದಿಲ್ಲ. ನಾನು ಸೈಕಲ್ ಇಳಿದು ತಲೆ ತಗ್ಗಿಸಿ ನಡೆದರೂ ಅವರ ಕಾಳು ಒಂದು ಹಿಡಿ ಹೆಚ್ಚಾಗುವುದಿಲ್ಲ. ಸತ್ತವರ ಕಷ್ಟಕ್ಕೆ ಮರುಗುವುದು ಒಳ್ಳೆಯದೇ, ಆದರೆ ಅದು ಅಗ್ಗದ್ದೂ ಹೌದು. ಯಾರೂ ಬಂದು ಸಾಲ ವಾಪಸು ಕೇಳುವುದಿಲ್ಲವಲ್ಲ. ಪ್ರಶ್ನೆ ಬಿಗಿಯಾಗುವುದು ನನಗೆ ಇನ್ನೊಂದು ಹೊಸ ದಾರಿ ಬೇಕು ಎಂದು ನಾನು ಕೇಳಲು ಹೊರಟಾಗ.

ನಾವಿರುವುದು ರಾಯಪುರದಲ್ಲಿ, ಹೆಂಡತಿಯ ಕೆಲಸದ ದೆಸೆಯಿಂದ. ನನ್ನ ಆಫೀಸು ಊರಿನ ಇನ್ನೊಂದು ತುದಿಯ ಓಎಂಆರ್‌ನಲ್ಲಿ. ಭಾನುವಾರ ಕತ್ತಲಿರುವಾಗಲೇ ಹೊರಟು ಕಾಸಿಮೇಡು ಬಂದರಿನ ಬಳಿ ಒಂದು ಟೀ ಕುಡಿದು, ತಂಡಿಯಾರ್‌ಪೇಟೆ, ಎಣ್ಣೂರು ದಾಟಿ ಬಡಗಲ ಕಡೆ ಹೋಗುವುದು ರೂಢಿ. ಊರೊಳಗೆ ಕಾಲುವೆ ಅಂದರೆ ಕಪ್ಪು ಚರಂಡಿ. ದಕ್ಷಿಣದ ಭಾಗದಲ್ಲಿ 1990ರ ದಶಕದಲ್ಲಿ ಅದರ ಹೊಟ್ಟೆಯಲ್ಲೇ ರೈಲಿನ ಕಂಬ ನೆಟ್ಟರು. ಎಣ್ಣೂರಿನ ಹಿನ್ನೀರಿಗೆ 2023ರ ಡಿಸೆಂಬರಿನಲ್ಲಿ ಚಂಡಮಾರುತದ ಮಳೆಯ ಜೊತೆ ತೈಲ ಹರಿದು ಬಂದಾಗ ಅದನ್ನು ಬಕೆಟ್ಟು, ಮಗ್ಗುಗಳಲ್ಲಿ ಬಾಚಿದವರು ಅಲ್ಲಿನ ಮೀನುಗಾರರೇ. ಕಾಟ್ಟುಪ್ಪಳ್ಳಿ ದಾಟಿ ಪಳವೇರ್ಕಾಡಿನ ಕಡೆ ಹೋದಂತೆ ಆಕಾಶ ಅಗಲವಾಗುತ್ತದೆ. ಕೊಕ್ಕರೆಗಳು, ಕೆಸರು, ಮರಳು. ಆಗ ದಪ್ಪ ಟೈರಿಗೆ ಕೊಟ್ಟ ದುಡ್ಡು ವಸೂಲಾಗುತ್ತದೆ.

ಟೀ ಅಂಗಡಿಯಲ್ಲಿ ಪರಿಚಯವಾದ ಒಬ್ಬ ಹೆಂಗಸು ಬಂದರಿನಲ್ಲಿ ಮೀನು ಹಿಡಿದು ಬೀದಿಯಲ್ಲಿ ಮಾರುತ್ತಾರೆ. ನನಗಿಂತ ಹತ್ತು ವರ್ಷ ದೊಡ್ಡವರಿರಬಹುದು. ಮೊದಲ ದಿನ ಸೈಕಲ್ ನೋಡಿ, "ಏನು ತಂಬಿ, ಶುಗರಾ? ಡಾಕ್ಟರ್ ಹೇಳಿದಾರಾ?" ಎಂದು ಕೇಳಿದ್ದರು. ಅವರ ಮನೆ ಮೊದಲು ನೀರಿನ ದಂಡೆಯಲ್ಲೇ ಇತ್ತಂತೆ. ಎಬ್ಬಿಸಿ ಕಣ್ಣಗಿ ನಗರದಲ್ಲಿ ಮನೆ ಕೊಟ್ಟರು. ಕಣ್ಣಗಿ ನಗರ ಇರುವುದು ಓಎಂಆರ್‌ನಲ್ಲಿ, ನಮ್ಮ ಗಾಜಿನ ಕಟ್ಟಡಗಳ ಹಿಂದೆ. ಊರೊಳಗಿನ ನದಿ, ಕಾಲುವೆ ದಂಡೆಗಳಿಂದ ಎಬ್ಬಿಸಿದ ಸಾವಿರಾರು ಕುಟುಂಬಗಳನ್ನು ಅಲ್ಲಿಗೂ ಸೆಮ್ಮಂಚೇರಿ, ಪೆರುಂಬಾಕ್ಕಂಗಳಿಗೂ ಸಾಗಿಸಿದ್ದಾರೆ. ಕಾಸಿಮೇಡಿನಿಂದ ಇಪ್ಪತ್ತು ಕಿಲೋಮೀಟರಿಗೂ ದೂರ. ನಾನು ಕೆಲಸಕ್ಕೆ ಹೋಗುವ ಕಡೆಯಿಂದ ಅವರು ಕೆಲಸಕ್ಕೆ ಬರುತ್ತಾರೆ, ನಡುರಾತ್ರಿ ಎರಡಕ್ಕೆ ಎದ್ದು.

"ಮನೆ ಗಟ್ಟಿಯಾಗೇ ಇದೆ ತಂಬಿ, ಸುಳ್ಳು ಯಾಕೆ ಹೇಳಲಿ? ಸೋರಲ್ಲ. ಆದರೆ ಮೀನುಬುಟ್ಟಿ ಅಂದ್ರೆ ಬಸ್ಸಲ್ಲಿ ಹತ್ತಿಸಲ್ಲ. ಲಾಭ ಎಲ್ಲ ಆಟೋಗೇ."

ಕಳೆದ ತಿಂಗಳು ನಮ್ಮ ಸೈಕಲ್ ಗುಂಪಿನವರು ಒಂದು ಅರ್ಜಿ ತಯಾರಿಸಿದರು. ಕಾಲುವೆ ಶುದ್ಧವಾಗಬೇಕು, ದಂಡೆಯ ಉದ್ದಕ್ಕೂ ಸೈಕಲ್ ಪಥ, ನಡಿಗೆ ದಾರಿ, ಮರಗಳು ಬೇಕು ಎಂದು. ಒಳ್ಳೆಯ ಬೇಡಿಕೆಯೇ. ಗುಂಪಿನ ಮುಂದಾಳು ಹುಬ್ಬಳ್ಳಿಯವ, ನನ್ನ ಗೆಳೆಯ. ನಾನು ಸಹಿ ಹಾಕದಿದ್ದದ್ದು ನೋಡಿ ಫೋನ್ ಮಾಡಿದ.

"ಏನಪಾ, ಭಾಳ ವಿಚಾರ ಮಾಡ್ತಿ. ಆ ಹೊಲಸಿನಾಗ, ಸೊಳ್ಳೆಯಾಗ ಮಂದಿ ಹಂಗ ಇರ್ಲಿ ಅಂತಿಯೇನು? 2015ರಾಗ ನೀರು ಬಂದಾಗ ಮೊದಲ ಮುಳುಗಿದವರು ಯಾರು?"

ಅವನ ಮಾತನ್ನು ತಳ್ಳಿಹಾಕುವಂತಿಲ್ಲ. ಬಡವರ ಬದುಕು ಚರಂಡಿಯ ಪಕ್ಕದಲ್ಲೇ ಚೆನ್ನ ಎಂದು ದೂರದಲ್ಲಿ ಕೂತು ಹೇಳುವವರ ಮೇಲೆ ನನಗೂ ಸಿಟ್ಟಿದೆ. ಪ್ರವಾಹದ ಜಾಗದಿಂದ ಜನ ಬೇರೆಡೆ ಹೋಗಬೇಕಾಗಬಹುದು. ಆದರೆ ಜಾಗ ಬಿಡುವುದು ಒಂದು, ದೂರ ಹೋಗುವುದು ಇನ್ನೊಂದು. ಮೊದಲನೆಯದಕ್ಕೆ ನೀರಿನ ಕಾರಣ ಕೊಡಬಹುದು. ಎರಡನೆಯದಕ್ಕೆ ಕಾರಣ ನೆಲದ ಬೆಲೆ. ಹತ್ತಿರದಲ್ಲಿ ಜಾಗ ದುಬಾರಿ, ನಗರಕ್ಕೆ ಕೊಳ್ಳಲಾಗುವುದಿಲ್ಲ ಎನ್ನುತ್ತಾರೆ. ಅಂದರೆ ಊರಿಗೆ ಊರೇ ಹೊರಲಾರದ ಖರ್ಚನ್ನು ಆ ಹೆಂಗಸು ದಿನಾ ಆಟೋದವನಿಗೆ ಕೊಟ್ಟು ತೀರಿಸುತ್ತಿದ್ದಾರೆ. ಪ್ರಾಜೆಕ್ಟ್ ಮ್ಯಾನೇಜರನಾಗಿ ನಾನು ಇಂಥ ಲೆಕ್ಕ ಬಹಳ ನೋಡಿದ್ದೇನೆ. ಬಜೆಟ್ಟಿನಲ್ಲಿ ಕಾಣದ ಖರ್ಚು ಇಲ್ಲವಾಗುವುದಿಲ್ಲ, ಮೀಟಿಂಗಿಗೆ ಕರೆಯದವರ ತಲೆಗೆ ಹೋಗುತ್ತದೆ.

ಹಾಗೆ ನೋಡಿದರೆ ನಮ್ಮ ಸಹಿಗಳಿಗೇನು ತೂಕ, ನಾವು ಕೇಳಿದರೂ ಕೇಳದಿದ್ದರೂ ಸರಕಾರ ಮಾಡುವುದನ್ನು ಮಾಡುತ್ತದೆ ಎಂದೂ ಗೆಳೆಯ ಅಂದ. ಇರಬಹುದು. ಆದರೆ ದಂಡೆ ತೆರವಾದ ಮೇಲೆ 'ಸಾರ್ವಜನಿಕರ ಬೇಡಿಕೆ' ಎಂಬ ಮಾತಿನಲ್ಲಿ ಆ ಸಾರ್ವಜನಿಕ ನಾನೇ ಆಗಿರುತ್ತೇನೆ. 1877ರ ಮಣ್ಣಿಗೆ ನನ್ನ ಹೆಸರಿಲ್ಲ, ಇದಕ್ಕೆ ಇರುತ್ತದೆ.

ಅರ್ಜಿಗೆ ಒಂದು ಸಾಲು ಸೇರಿಸಿದರೆ ಸಹಿ ಹಾಕುತ್ತೇನೆ ಎಂದೆ: ದಂಡೆಯಿಂದ ಎಬ್ಬಿಸುವ ಪ್ರತಿ ಕುಟುಂಬಕ್ಕೂ ಮೂರು ಕಿಲೋಮೀಟರಿನೊಳಗೆ ಮನೆ ಕೊಟ್ಟ ಮೇಲೆಯೇ ಸೈಕಲ್ ಪಥದ ಕೆಲಸ ಶುರುವಾಗಬೇಕು. ಗುಂಪಿನಲ್ಲಿ ಚರ್ಚೆಯೋ ಚರ್ಚೆ. ಹೀಗಾದರೆ ನಮ್ಮ ಮಕ್ಕಳ ಕಾಲಕ್ಕೂ ಪಥ ಆಗುವುದಿಲ್ಲ ಎಂದರು ಒಬ್ಬರು. ಆಗದಿರಬಹುದು, ಆ ನಷ್ಟ ನನಗೆ ಒಪ್ಪಿಗೆ ಎಂದು ಬರೆದೆ. ಮೂರೇ ಯಾಕೆ, ಐದು ಯಾಕಲ್ಲ ಎಂದು ಇನ್ನೊಬ್ಬರು ಕೇಳಿದರು. ಅದು ನ್ಯಾಯವಾದ ಪ್ರಶ್ನೆ, ನಾನು ಮೂರನ್ನು ಸುಮ್ಮನೆ ಅಂದಾಜಿಗೆ ಹಾಕಿದ್ದೆ. ಮುಂದಿನ ಭಾನುವಾರ ಕಾಸಿಮೇಡಿನಲ್ಲಿ ಆ ಅಕ್ಕನನ್ನೇ ಕೇಳಿದೆ, ಎಷ್ಟು ದೂರವಾದರೆ ಪರವಾಗಿಲ್ಲ ಅಂತ. ಅವರು ಕಿಲೋಮೀಟರಿನಲ್ಲಿ ಹೇಳಲಿಲ್ಲ. ತುಂಬಿದ ಬುಟ್ಟಿ ಹೊತ್ತು ಎಲ್ಲೂ ಇಳಿಸದೆ ನಡೆಯುವಷ್ಟು ಎಂದರು. ಅದನ್ನು ಅರ್ಜಿಯಲ್ಲಿ ಹೇಗೆ ಬರೆಯುವುದೆಂದು ಈಗ ನಾನೂ ಹುಬ್ಬಳ್ಳಿಯವನೂ ನೋಡುತ್ತಿದ್ದೇವೆ.