ದೆವ್ವ ಬಿಡಿಸುವ ಮೊದಲು

ಅಕ್ಕನ ಮಗಳು ಪಿಯುಸಿ ಓದ್ತಿದ್ದಾಳೆ, ಹಾಸ್ಟೆಲ್‌ನಲ್ಲಿದ್ದಾಳೆ. ಹೋದ ತಿಂಗಳು ಫೋನ್ ಮಾಡಿ, "ಮಾಮ, ಒಂದು ಪುಸ್ತಕ ತರಿಸಿಕೊಡು" ಅಂದಳು. ಅಮೆರಿಕದ ಲೇಖಕಿ ಲಿಬ್ಬಾ ಬ್ರೇ ಬರೆದ 'ಎ ಗ್ರೇಟ್ ಅಂಡ್ ಟೆರಿಬಲ್ ಬ್ಯೂಟಿ', 2003ರಲ್ಲಿ ಬಂದ ಕಾದಂಬರಿ. ಮಾಟ, ಮಂತ್ರ, ಲವ್ ಸ್ಟೋರಿ ಎಲ್ಲಾ ಇದೆ ಅಂತ ಗೊತ್ತಾಗಿ, ಕಳಿಸೋ ಮುಂಚೆ ನಾನೇ ಒಮ್ಮೆ ಕಣ್ಣಾಡಿಸೋಣ ಅಂತ ಕೂತೆ. ಮುಗಿಸಿದಾಗ ರಾತ್ರಿ ಎರಡು ಗಂಟೆ. ಆಮೇಲೂ ನಿದ್ದೆ ಬರಲಿಲ್ಲ. ಹೆದರಿಕೆಯಿಂದ ಅಲ್ಲ.

ಕಥೆ ನಡೆಯೋದು 1895ರಲ್ಲಿ. ಜೆಮ್ಮಾ ಬಾಂಬೆಯಲ್ಲಿ ಬೆಳೆದ ಇಂಗ್ಲಿಷ್ ಹುಡುಗಿ. ಹದಿನಾರನೇ ಹುಟ್ಟುಹಬ್ಬದ ದಿನವೇ ತಾಯಿ ಸಾಯ್ತಾಳೆ. ಆ ಸಾವು ಮಗಳ ಕಣ್ಣಿಗೆ ಕನಸಿನ ಹಾಗೆ ಕಾಣಿಸಿಕೊಳ್ಳುತ್ತೆ. ಆಮೇಲೆ ಅವಳನ್ನು ಇಂಗ್ಲೆಂಡಿನ ಹೆಣ್ಣುಮಕ್ಕಳ ಬೋರ್ಡಿಂಗ್ ಶಾಲೆಗೆ ಸೇರಿಸ್ತಾರೆ. ಬೆಂಕಿಗೆ ಸುಟ್ಟುಹೋದ ಒಂದು ಭಾಗ, ಕಾಡಿನೊಳಗಿನ ಗುಹೆ, ಯಾರದೋ ಹಳೇ ಡೈರಿ ಎಲ್ಲಾ ಅಲ್ಲಿವೆ. ಬಾಂಬೆಯಿಂದಲೇ ಹಿಂಬಾಲಿಸಿ ಬಂದ ಕಾರ್ತಿಕ್ ಅನ್ನೋ ಹುಡುಗ "ಆ ಕಡೆ ಹೋಗಬೇಡ" ಅಂತ ಎಚ್ಚರಿಸ್ತಾನೆ. ಇವಳ ಮನಸ್ಸು ಅವನ ಕಡೆಗೇ. ಆದರೂ ಜೆಮ್ಮಾ ಬೆಳಕಿನ ಬಾಗಿಲು ತೆರೆದು ಮೂವರು ಗೆಳತಿಯರನ್ನು ಬೇರೊಂದು ಲೋಕಕ್ಕೆ ಕರೆದೊಯ್ತಾಳೆ. ಇಲ್ಲಿ ಸಿಗದ್ದು ಅಲ್ಲಿ ಸಿಗುತ್ತೆ: ಒಬ್ಬಳಿಗೆ ರೂಪ, ಒಬ್ಬಳಿಗೆ ಶಕ್ತಿ. ಪಿಪ್ಪಾ ಅನ್ನೋಳಿಗೆ ತನ್ನನ್ನು ಪ್ರೀತಿಸೋ ಒಬ್ಬ ವೀರ.

ನನ್ನ ನಿದ್ದೆ ಕೆಡಿಸಿದ್ದು ಈ ಪಿಪ್ಪಾ. ಅವಳಿಗೆ ಮೂರ್ಛೆರೋಗ. ಮನೆಯವರು ಅದನ್ನು ಮುಚ್ಚಿಟ್ಟು, ತಂದೆಯ ವಯಸ್ಸಿನ ದುಡ್ಡಿರೋ ಗಂಡು ನೋಡಿದ್ದಾರೆ. ಶಾಲೆ ಕಲಿಸೋದೂ ಅದಕ್ಕೇ: ನಡಿಗೆ, ಡ್ಯಾನ್ಸು, ಒಂದಿಷ್ಟು ಫ್ರೆಂಚು. ಕೊನೆಗೆ ಪಿಪ್ಪಾ ಆ ಲೋಕದ ಹಣ್ಣು ತಿಂದುಬಿಡ್ತಾಳೆ. ತಿಂದವರು ವಾಪಸ್ ಬರೋ ಹಾಗಿಲ್ಲ. ಇಲ್ಲಿ ಶಾಲೆಯವರಿಗೆ ಸಿಗೋದು ಅವಳ ಹೆಣ.

"ಇದೆಲ್ಲ ಮಾಯೆ, ವಾಪಸ್ ಬಾ" ಅಂತ ನಾವೂ ಕರೀತಿದ್ವಿ. ಸರಿ, ಆದರೆ ಯಾವುದಕ್ಕೆ ವಾಪಸ್?

ನಮ್ಮಕ್ಕನೂ ತಾಲ್ಲೂಕಿನ ಹಾಸ್ಟೆಲ್‌ನಲ್ಲಿದ್ದು ಪಿಯುಸಿ ಓದ್ತಿದ್ದಳು. ಹಾಸ್ಟೆಲ್ ಹಿಂದಿನ ಬಾವಿಗೆ ಬಿದ್ದು ಸತ್ತ ಹುಡುಗಿಯೊಬ್ಬಳ ಕಥೆ ಅಲ್ಲಿ ಎಲ್ಲರ ಬಾಯಲ್ಲೂ ಇತ್ತು. ದಸರಾ ರಜೆಗೆ ಅಕ್ಕ ಊರಿಗೆ ಬಂದಾಗ ಮನೆಯಲ್ಲಿ ಮದುವೆ ಮಾತು ಶುರುವಾಗಿತ್ತು. ಗಂಡಿನ ಕಡೆಯವರು ಬರೋ ಹಿಂದಿನ ದಿನ ಅವಳ ಮೈಮೇಲೆ ಆ ಹುಡುಗಿ ಬಂದಳು. ಕೂದಲು ಬಿಚ್ಚಿಕೊಂಡು, ಬೇರೆ ದನಿಯಲ್ಲಿ, ಅಪ್ಪನನ್ನು ಏಕವಚನದಲ್ಲಿ ಬೈದಳು. ತಾಯಿತ ಕಟ್ಟಿಸಿದರು, ನಿಂಬೆಹಣ್ಣು ಮಂತ್ರಿಸಿದರು. ಎರಡು ಸಂಬಂಧ ಮುಂದಕ್ಕೆ ಹೋಗಲಿಲ್ಲ.

ನಾನಾಗ ಆರನೇ ಕ್ಲಾಸು. ಒಂದು ರಾತ್ರಿ ನೀರು ಕುಡಿಯೋಕೆ ಎದ್ದಾಗ, ಅಟ್ಟದ ಮೇಲೆ ಬುಡ್ಡಿ ದೀಪ ಇಟ್ಟುಕೊಂಡು ಅಕ್ಕ ಲೆಕ್ಕ ಮಾಡ್ತಿದ್ದಳು. ನನ್ನನ್ನು ನೋಡಿ ಬಾಯಿ ಮೇಲೆ ಬೆರಳಿಟ್ಟಳು. ಬೆಳಿಗ್ಗೆ ನಾನು ಅಪ್ಪನಿಗೆ ಹೇಳಿದೆ, "ಅಕ್ಕನಿಗೆ ಯಾವ ದೆವ್ವಾನೂ ಇಲ್ಲ. ನಾಟಕ."

"ಹುಡುಗ ಭಾರಿ ಚುರುಕು" ಅಂದರು ಎಲ್ಲರೂ. ವೈಶಾಖದಲ್ಲಿ ಮದುವೆ ಆಯ್ತು. ಅವಳ ಗಣಿತದ ಪುಸ್ತಕ ನನಗೆ ಬಂತು. ಅಂಚಿನಲ್ಲಿ ಅವಳು ಪೆನ್ಸಿಲಿನಲ್ಲಿ ಬಿಡಿಸಿಟ್ಟ ಲೆಕ್ಕ ನೋಡಿಕೊಂಡೇ ನಾನು ಬಿಇವರೆಗೂ ಬಂದೆ.

ನಾನು ಹೇಳಿದ್ದು ನಿಜವೇ. ದೆವ್ವ ಇರಲಿಲ್ಲ. ಇಷ್ಟು ವರ್ಷ ಆ ಸಮಾಧಾನದಲ್ಲೇ ಇದ್ದೆ. ಆದರೆ "ನನಗೆ ಈಗ ಮದುವೆ ಬೇಡ" ಅಂತ ಅಕ್ಕ ತನ್ನ ಬಾಯಲ್ಲೇ ಹೇಳಿದ್ದರೆ ಯಾರೂ ಕೇಳ್ತಿರಲಿಲ್ಲ. ಸತ್ತವಳು ಹೇಳಿದರೆ ಇಡೀ ಊರು ಕೈಕಟ್ಟಿ ಕೇಳ್ತಿತ್ತು. ಅವಳಿಗಿದ್ದ ಒಂದೇ ದನಿ ಅದು. ನಮ್ಮ ಕೆಲಸದಲ್ಲಿ, ಯಾರೋ ಬರೆದಿಟ್ಟ ಗಲೀಜು ಕೋಡ್ ಡಿಲೀಟ್ ಮಾಡೋ ಮುಂಚೆ, ಇದು ಯಾವುದನ್ನು ತಡೆದು ನಿಲ್ಲಿಸಿದೆ ಅಂತ ನೋಡ್ತೀವಿ. ಮನುಷ್ಯರ ವಿಷಯದಲ್ಲಿ ಅಷ್ಟೂ ನೋಡಲ್ಲ.

ಹಾಗಂತ ಸುಳ್ಳಿನಲ್ಲೇ ಇರಲಿ ಬಿಡಿ ಅಂತಲೂ ನಾನು ಹೇಳ್ತಿಲ್ಲ. ಲೇಖಕಿಯೂ ಅಷ್ಟು ಸುಲಭಕ್ಕೆ ಬಿಟ್ಟುಕೊಡಲ್ಲ. ಇದೇ ಸರಣಿಯ ಮೂರನೇ ಪುಸ್ತಕದಲ್ಲಿ (2007) ಪಿಪ್ಪಾ ಆ ಲೋಕದಲ್ಲಿ ಚೆನ್ನಾಗೇನೂ ಇಲ್ಲ, ಒಳಗೊಳಗೇ ಕೊಳೀತಾ ಹೋಗ್ತಾಳೆ. ಅಕ್ಕನೂ ಇನ್ನೆಷ್ಟು ದಿನ ಮೈಮೇಲೆ ಬರಿಸಿಕೊಂಡು ಬದುಕಬಹುದಿತ್ತು? ಕರೆದು ತರಲೇಬೇಕು. ಆದರೆ ಕರೆಯೋರು ಅವಳ ಪರವಾಗಿ ಇಲ್ಲೂ ಒಂದು ಮಾತಾಡೋಕೆ ತಯಾರಿರಬೇಕು. "ದೆವ್ವ ಇಲ್ಲ ಅಪ್ಪ, ಅವಳಿಗೆ ಓದೋ ಆಸೆ" ಅಂತ ನಾನು ಪೂರ್ತಿ ಹೇಳಬಹುದಿತ್ತು. ಅರ್ಧ ಮಾತ್ರ ಹೇಳಿದೆ. ಹನ್ನೊಂದು ವರ್ಷದ ಹುಡುಗನಿಗೆ ಏನು ಗೊತ್ತು ಅಂತೀರೇನೋ. ಬೆರಳಿಟ್ಟಿದ್ದು ಯಾಕೆ ಅಂತ ನನಗೆ ಗೊತ್ತಿತ್ತು.

ಮೊನ್ನೆ ಧೈರ್ಯ ಮಾಡಿ ಅಕ್ಕನಿಗೆ ಫೋನ್‌ನಲ್ಲಿ ಇದನ್ನೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಅದೆಲ್ಲ ಯಾಕೋ ಈಗ? ಮಗು ಕೇಳಿದ ಪುಸ್ತಕ ಕಳಿಸಿದ್ಯಾ?"

"ಕಳಿಸಿದೆ ಅಕ್ಕ."

"ಓದಲಿ ಬಿಡು. ನಿಮ್ಮ ಭಾವ ಗಂಡು ನೋಡೋ ಮಾತು ತೆಗೀತಿದ್ದಾರೆ. ನೀನೂ ಒಂದು ಮಾತು ಹೇಳು."

ಈ ಭಾನುವಾರ ಊರಿಗೆ ಹೊರಟಿದ್ದೀನಿ.