ಕೊನೆಗೆ ಎಲ್ಲ ಸರಿಹೋಯಿತಲ್ಲ!

ಕಳೆದ ಬೇಸಿಗೆ ರಜೆಯಲ್ಲಿ ಅಕ್ಕನ ಮಗಳು ಬಂದಿದ್ದಾಗ ಒಂದು ಮಧ್ಯಾಹ್ನ ಮನೆಯವರೆಲ್ಲ ಕೂತು ಹಳೆಯ ಇಂಗ್ಲಿಷ್ ಸಿನಿಮಾವೊಂದನ್ನು ನೋಡಿದೆವು. ‘ಸೆವೆನ್ ಬ್ರೈಡ್ಸ್ ಫಾರ್ ಸೆವೆನ್ ಬ್ರದರ್ಸ್’ ಎಂದು ಅದರ ಹೆಸರು. 1954ರಲ್ಲಿ ಬಂದದ್ದು. ಹೆಸರು ಕೇಳದಿದ್ದರೂ ಕಥೆ ನಿಮಗೆ ಗೊತ್ತಿರಬಹುದು. ಅಮಿತಾಭ್ ಬಚ್ಚನ್, ಹೇಮಾಮಾಲಿನಿ ನಟಿಸಿ 1982ರಲ್ಲಿ ಬಂದ ‘ಸತ್ತೆ ಪೆ ಸತ್ತಾ’ಕ್ಕೆ ಮೂಲ ಅದೇ.

ಕಥೆ ನಡೆಯುವುದು 1850ರಲ್ಲಿ, ಅಮೆರಿಕದ ಪಶ್ಚಿಮದ ಅಂಚಿನ ಆರೆಗಾನ್ ಪ್ರಾಂತ್ಯದಲ್ಲಿ. ಕಾಡು ಕಡಿದು, ಹೊಲ ಮಾಡಿ, ಮರದ ಮನೆ ಕಟ್ಟಿಕೊಂಡ ಏಳು ಜನ ಅಣ್ಣತಮ್ಮಂದಿರು. ಹಿರಿಯವನು ಆಡಮ್ ಪೇಟೆಗೆ ಹೋಗಿ, ಉಪ್ಪು ಬೆಲ್ಲ ತಂದಷ್ಟೇ ಸಲೀಸಾಗಿ, ಒಂದೇ ದಿನದಲ್ಲಿ ಮಿಲಿ ಎಂಬ ಹುಡುಗಿಯನ್ನು ಒಪ್ಪಿಸಿ ಮದುವೆಯಾಗಿ ಕರೆತರುತ್ತಾನೆ. ಮನೆಗೆ ಬಂದ ಮೇಲೆ ಅವಳಿಗೆ ತಿಳಿಯುವುದು, ತಾನು ಬೇಯಿಸಿ ಹಾಕಬೇಕಾದ ಗಂಡಸರು ಒಬ್ಬರಲ್ಲ, ಏಳು ಜನ ಎಂದು! ಅವಳು ಮೈದುನರಿಗೆ ಸ್ನಾನ, ಊಟ, ಮಾತುಕತೆಯ ರೀತಿನೀತಿ ಎಲ್ಲ ಕಲಿಸುತ್ತಾಳೆ. ಅವರು ಪೇಟೆಯ ಆರು ಹುಡುಗಿಯರನ್ನು ಮೆಚ್ಚಿಕೊಳ್ಳುತ್ತಾರೆ. ಆಗ ಆಡಮ್ ಪ್ಲುಟಾರ್ಕನ ಪುಸ್ತಕದಲ್ಲಿನ, ರೋಮನ್ನರು ಸೇಬೈನ್ ಹೆಣ್ಣುಗಳನ್ನು ಹೊತ್ತೊಯ್ದ ಕಥೆ ಹೇಳಿ ತಮ್ಮಂದಿರನ್ನು ಹುರಿದುಂಬಿಸುತ್ತಾನೆ. ರಾತ್ರಿ ಹೋಗಿ ಆರು ಹುಡುಗಿಯರನ್ನೂ ಕದ್ದು ತಂದೇ ಬಿಡುತ್ತಾರೆ. ಮದುವೆ ಮಾಡಿಸುವ ಪಾದ್ರಿಯನ್ನು ಕರೆತರಲು ಮಾತ್ರ ಮರೆತಿರುತ್ತಾರೆ! ಹಿಂದೆಯೇ ಹಿಮ ಕುಸಿದು ದಾರಿ ಮುಚ್ಚಿ, ವಸಂತದವರೆಗೆ ಹುಡುಗಿಯರು ಅಲ್ಲೇ ಉಳಿಯಬೇಕಾಗುತ್ತದೆ. ಅಷ್ಟರಲ್ಲಿ ಪ್ರೀತಿ ಹುಟ್ಟುತ್ತದೆ. ಮುಂದಿನದನ್ನು ನೀವೇ ಊಹಿಸಬಲ್ಲಿರಿ.

ನಾವೆಲ್ಲ ಚೆನ್ನಾಗಿ ನಕ್ಕೆವು. ಅಕ್ಕನ ಮಗಳು ಮಾತ್ರ ಗಲ್ಲಕ್ಕೆ ಕೈಕೊಟ್ಟು ಕೂತಿದ್ದಳು.

“ಚಿಕ್ಕಮ್ಮಾ, ಇದು ಕಿಡ್ನ್ಯಾಪ್ ಅಲ್ವಾ? ಇದರಲ್ಲಿ ನಗೋದೇನಿದೆ?”

ಹಪ್ಪಳ ಲಟ್ಟಿಸುತ್ತಿದ್ದ ನಮ್ಮಮ್ಮ ಮಣೆಯಿಂದ ತಲೆ ಎತ್ತದೆಯೇ ಹೇಳಿದರು: “ಹೇಗೋ ಕೊನೆಗೆ ಎಲ್ಲ ಸರಿಹೋಯ್ತಲ್ಲ, ಬಿಡೇ. ಕೃಷ್ಣ ರುಕ್ಮಿಣೀನ ಹೊತ್ಕೊಂಡು ಹೋಗ್ಲಿಲ್ವೇ?”

“ಅಜ್ಜೀ, ರುಕ್ಮಿಣಿ ತಾನೇ ಓಲೆ ಕಳ್ಸಿದ್ಳು!”

ಅಮ್ಮ ಸುಮ್ಮನಾದರು. ಹುಡುಗಿಯ ಮಾತು ಸರಿಯಾಗಿತ್ತು. ಭಾಗವತದ ರುಕ್ಮಿಣಿ ಬ್ರಾಹ್ಮಣನ ಕೈಯಲ್ಲಿ ಓಲೆ ಕಳಿಸಿ, ತನ್ನನ್ನು ಎಲ್ಲಿ, ಯಾವಾಗ ಬಂದು ಕರೆದೊಯ್ಯಬೇಕೆಂದು ತಾನೇ ತಿಳಿಸಿದವಳು. ಆರೆಗಾನಿನ ಹುಡುಗಿಯರನ್ನು ಯಾರೂ ಕೇಳಿರಲಿಲ್ಲ. ಒಪ್ಪಿಗೆ ಮೊದಲು ಬರುವುದಕ್ಕೂ, ಬೇರೆ ದಾರಿಯಿಲ್ಲದೆ ಹಿಮದ ನಡುವೆ ಕೂತಮೇಲೆ ಬರುವುದಕ್ಕೂ ವ್ಯತ್ಯಾಸವಿಲ್ಲವೇ? ಆರಕ್ಕೆ ಆರು ಜನರಿಗೂ ಕಚ್ಚಿತವಾಗಿ ಪ್ರೀತಿ ಹುಟ್ಟುವಂತೆ ಮಾಡುವುದು ಕಥೆಗಾರನಿಗೆ ಸುಲಭ. ಏಳನೆಯವಳೊಬ್ಬಳಿದ್ದು, ಅವಳಿಗೆ ಪ್ರೀತಿ ಹುಟ್ಟದೇ ಹೋಗಿದ್ದರೆ ನಮ್ಮ ನಗು ಎಲ್ಲಿರುತ್ತಿತ್ತು?

ಆ ಕಾಲದ ನಿಜವಾದ ಇತಿಹಾಸ ಸಿನಿಮಾದಷ್ಟು ತಮಾಷೆಯದಲ್ಲ. ಅದೇ 1850ರ ಸೆಪ್ಟೆಂಬರಿನಲ್ಲಿ ಅಮೆರಿಕದ ಸರ್ಕಾರ ಆರೆಗಾನಿನಲ್ಲಿ ನೆಲೆಸಿದವರಿಗೆ ಉಚಿತವಾಗಿ ಭೂಮಿ ಕೊಡುವ ಕಾನೂನು ಮಾಡಿತು. ಆಗಲೇ ನೆಲೆಸಿದ್ದವರಲ್ಲಿ ಒಂಟಿ ಗಂಡಸಿಗೆ 320 ಎಕರೆ. ಮದುವೆಯಾಗಿದ್ದರೆ ದಂಪತಿಗಳಿಗೆ 640 ಎಕರೆ, ಅದರಲ್ಲಿ ಅರ್ಧ ಹೆಂಡತಿಯ ಹೆಸರಿಗೇ. ಹೆಣ್ಣಿನ ಹೆಸರಿಗೆ ಸ್ವಂತ ಜಮೀನು ಎಂಬುದು ಆ ಕಾಲಕ್ಕೆ ದೊಡ್ಡ ಮಾತೇ. ಆದರೆ ಮದುವೆಯಾಗದವರಿಗೆ 1850ರ ಡಿಸೆಂಬರ್ 1ರಿಂದ ಒಂದು ವರ್ಷದ ಗಡುವಿತ್ತು. ಆ ಗಡುವಿನೊಳಗೆ ಹೆಂಡತಿ ಬಂದರೆ ಇನ್ನೂ 320 ಎಕರೆ. ಹೆಣ್ಣುಗಳೇ ಕಡಿಮೆಯಿದ್ದ ಆ ನಾಡಿನಲ್ಲಿ ಆಮೇಲೆ ಏನಾಗಿರಬೇಕೆಂದು ನಮ್ಮ ದೇಶದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹದಿನಾಲ್ಕು, ಹದಿನೈದರ ಎಳೆಯ ಹುಡುಗಿಯರಿಗೂ ಅವಸರದಲ್ಲಿ ಮದುವೆಗಳಾದವು. ಇನ್ನು ಹಾಗೆ ಹಂಚಿದ ಭೂಮಿಯಾದರೂ ಯಾರದು? ವಿಲಾಮೆಟ್ ಕಣಿವೆಯಲ್ಲಿ ತಲೆತಲಾಂತರದಿಂದ ಬದುಕಿದ್ದ ಕಲಪೂಯ ಜನರದು. ಅವರೊಡನೆ ಒಪ್ಪಂದವಾದದ್ದು 1855ರಲ್ಲಿ, ಅಂದರೆ ಹಂಚಿಕೆ ಶುರುವಾಗಿ ನಾಲ್ಕು ವರ್ಷ ಕಳೆದ ಮೇಲೆ. ಮರುವರ್ಷ ಅವರನ್ನು ಗ್ರ್ಯಾಂಡ್ ರೋಂಡ್ ಎಂಬಲ್ಲಿಗೆ ಸಾಗಿಸಲಾಯಿತು. ಮೊದಲು ತೆಗೆದುಕೊಳ್ಳುವುದು, ಒಪ್ಪಿಗೆ ಆಮೇಲೆ ಕೇಳುವುದು ಎಂಬ ರೂಢಿ ಹೆಣ್ಣಿಗೂ ಮಣ್ಣಿಗೂ ಒಂದೇ ಆಗಿತ್ತು.

ಇದನ್ನೆಲ್ಲ ಅಕ್ಕನ ಮಗಳಿಗೆ ಟೀಚರಮ್ಮನ ಗತ್ತಿನಲ್ಲಿ ವಿವರಿಸಿದೆ. ಅವಳು ತಲೆದೂಗಿದಳು. ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಆದರೆ ರಾತ್ರಿ ಮಲಗಿದಾಗ ಅಮ್ಮನ ಮಾತೇ ಕಿವಿಯಲ್ಲಿ ಸುತ್ತತೊಡಗಿತು. “ಕೊನೆಗೆ ಎಲ್ಲ ಸರಿಹೋಯ್ತಲ್ಲ.” ಈ ಮಾತನ್ನು ನಾನೂ ಒಮ್ಮೆ ಆಡಿದ್ದೆ. ಬಾಯಿಬಿಟ್ಟಲ್ಲ, ಮನಸ್ಸಿನೊಳಗೆ.

ಹದಿನೇಳು ವರ್ಷದ ಹಿಂದೆ ನನ್ನ ತರಗತಿಯಲ್ಲೊಬ್ಬ ಹುಡುಗಿಯಿದ್ದಳು, ಒಂಬತ್ತನೆಯ ಕ್ಲಾಸು. ಲೆಕ್ಕದಲ್ಲಿ ಬಲು ಚುರುಕು. ಡಿಸೆಂಬರಿನಲ್ಲಿ ಅವಳ ಅಪ್ಪ ಬಂದು ಟಿ.ಸಿ. ಕೇಳಿದರು. ಬೇರೆ ಊರಿಗೆ ಹೋಗುತ್ತೇವೆ ಎಂದರು. ಮದುವೆ ಗೊತ್ತಾಗಿದೆಯೆಂದು ಮಕ್ಕಳೆಲ್ಲ ಗುಸುಗುಸು ಮಾತಾಡಿಕೊಳ್ಳುತ್ತಿದ್ದರು. ನನ್ನ ಕಿವಿಗೂ ಬಿದ್ದಿತ್ತು. ಹದಿನೆಂಟು ತುಂಬದೆ ಮದುವೆ ಕೂಡದೆಂಬ ಕಾನೂನೂ ಗೊತ್ತಿತ್ತು. “ಊರವರ ಉಸಾಬರಿ ನಮಗ್ಯಾಕೆ ಮಿಸ್” ಎಂದರು ಜೊತೆಯವರು. ನಾನು ಪೆನ್ನು ತೆಗೆದು, ನನ್ನ ದುಂಡಗಿನ ಅಕ್ಷರದಲ್ಲಿ ಟಿ.ಸಿ. ಬರೆದುಕೊಟ್ಟೆ.

ನಾಲ್ಕು ವರ್ಷದ ಹಿಂದೆ ಅವಳು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದಳು. ಕಾಲು ಮುಟ್ಟಿ ನಮಸ್ಕರಿಸಿದಳು. ಜೊತೆಯಲ್ಲಿ ಇಬ್ಬರು ಮುದ್ದಾದ ಮಕ್ಕಳು. ಗಂಡ ಒಳ್ಳೆಯವನಂತೆ; ಸಣ್ಣ ಅಂಗಡಿ ಇದೆಯಂತೆ; ಅದರ ಲೆಕ್ಕಪತ್ರ ಇವಳದೇ ಅಂತೆ. “ಚೆನ್ನಾಗಿದೀನಿ ಮಿಸ್” ಎಂದಳು. ಅಂದು ನಾನು ಎಷ್ಟು ಹಗುರಾಗಿ ಮನೆಗೆ ಬಂದೆನೆಂದರೆ, ದಾರಿಯಲ್ಲಿ ಎರಡು ಮೊಳ ಮಲ್ಲಿಗೆ ಕೊಂಡು ಮುಡಿದುಕೊಂಡೆ.

ಆ ಹಗುರ ಎಲ್ಲಿಂದ ಬಂತೆಂದು ಈ ಸಿನಿಮಾ ನೋಡುವವರೆಗೂ ನಾನು ಕೇಳಿಕೊಂಡಿರಲಿಲ್ಲ. ಅವಳ ಸುಖವನ್ನು ನಾನು ನನ್ನ ಮಾಫಿಪತ್ರ ಮಾಡಿಕೊಂಡಿದ್ದೆ.

ಸಿನಿಮಾದಲ್ಲಿ ಆಡಮ್‌ಗೆ ಬುದ್ಧಿ ಬರುವುದು ತನಗೆ ಹೆಣ್ಣುಮಗು ಹುಟ್ಟಿದ ಮೇಲೆ. ತನ್ನ ಮಗಳನ್ನು ಯಾರಾದರೂ ಹೊತ್ತೊಯ್ದರೆ ಹೇಗಿರುತ್ತದೆ ಎಂದು ಯೋಚಿಸಿ, ಹುಡುಗಿಯರನ್ನು ಮನೆಗೆ ಮುಟ್ಟಿಸಲು ಹೊರಡುತ್ತಾನೆ. ಆದರೆ ಮಿಲಿಗೆ ಆ ಬುದ್ಧಿ ಮೊದಲ ರಾತ್ರಿಯೇ ಇತ್ತು. ಮೈದುನರನ್ನೆಲ್ಲ ಕೊಟ್ಟಿಗೆಗೆ ಅಟ್ಟಿ, ಹುಡುಗಿಯರನ್ನು ಮನೆಯೊಳಗೆ ಇಟ್ಟುಕೊಂಡು ಕಾದವಳು ಅವಳು. ಕೊನೆ ಹೇಗಾಗುತ್ತದೋ ಎಂದು ಅವಳು ಕಾಯಲಿಲ್ಲ. ತಪ್ಪು ಕಂಡಾಗಲೇ ತಪ್ಪು ಎಂದಳು. ನನ್ನ ಟಿ.ಸಿ. ಪುಸ್ತಕದ ಮುಂದೆ ನಾನು ಮಿಲಿಯಾಗಲಿಲ್ಲ.

ಮರುದಿನ ಅಮ್ಮನನ್ನು ಕೇಳಿದೆ, “ನಿನ್ನ ಮದುವೇಲಿ ನಿನ್ನನ್ನ ಯಾರಾದ್ರೂ ಕೇಳಿದ್ರಾ ಅಮ್ಮಾ?” ಅಮ್ಮನಿಗೆ ಆಗ ಹದಿನೈದು. “ಕೇಳೋದೇನು, ಹಿಂದಿನ ದಿನ ಬಳೆ ಇಡಿಸಿದಾಗ್ಲೇ ಗೊತ್ತಾಗಿದ್ದು” ಎಂದು ನಕ್ಕರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, “ಸರಿಹೋಯ್ತು ಅಂತೀವಿ. ಸರಿ ಮಾಡ್ಕೊಂಡಿದ್ದು ನಾವು ತಾನೇ” ಎಂದರು.

ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಅಲ್ಲಿ. ಅಂಥ ಮದುವೆಯನ್ನು ತಪ್ಪು ಎಂದರೆ, ಅದರಲ್ಲೇ ಅರವತ್ತು ವರ್ಷ ಬದುಕಿದ ನನ್ನ ತಾಯಿಯ ಬಾಳನ್ನೇ ಹಗುರಮಾಡಿದಂತೆ ಆಗುತ್ತದೆಂಬ ಅಳುಕು ನನ್ನಲ್ಲಿತ್ತು. ಹಾಗಲ್ಲ. ಇವು ಎರಡು ಬೇರೆ ಖಾತೆಗಳು. ಅನ್ಯಾಯ ಮಾಡಿದವರ, ನೋಡಿಯೂ ಸುಮ್ಮನಿದ್ದವರ ಸಾಲ ಒಂದು ಕಡೆ. ಆ ಅನ್ಯಾಯದ ನಡುವೆಯೂ ಮನೆ ಕಟ್ಟಿ, ಮಕ್ಕಳನ್ನು ಬೆಳೆಸಿ, ನಗುವುದನ್ನು ಕಲಿತ ಹೆಣ್ಣಿನ ಗಳಿಕೆ ಇನ್ನೊಂದು ಕಡೆ. ಅವಳ ಗಳಿಕೆಯಿಂದ ನಮ್ಮ ಸಾಲ ತೀರಿಸಿಕೊಂಡರೆ ಅದು ಎರಡನೆಯ ಕಳ್ಳತನ. ಸಿನಿಮಾ ನೋಡಿ ನಗೋಣ, ಅದಕ್ಕೇನೂ ಅಡ್ಡಿಯಿಲ್ಲ. ಆದರೆ ಶಭಾಸ್‌ಗಿರಿಯನ್ನು ಕದ್ದವರಿಗೆ ಕೊಡುವುದು ಬೇಡ.

ಮುಂದಿನ ವಾರ ಆ ಅಂಗಡಿ ಹುಡುಕಿಕೊಂಡು ಹೋದೆ. ಅವಳು ಟೀ ಕೊಟ್ಟಳು. “ಅವತ್ತು ನಾನು ಮಾತಾಡಬೇಕಾಗಿತ್ತು ಕಣಮ್ಮಾ, ಆಡಲಿಲ್ಲ” ಎಂದೆ. ಇದನ್ನು ಹೇಳಲು ಹದಿನೇಳು ವರ್ಷ ಬೇಕಾಯಿತು. ಅವಳು ಲೋಟ ಒರೆಸುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದಳು.

“ನೀವು ಟಿ.ಸಿ. ಬರೀತಿದ್ದಾಗ ನಾನು ಬಾಗಿಲ ಹತ್ರಾನೇ ನಿಂತಿದ್ದೆ ಮಿಸ್. ತಲೆ ಎತ್ತಿ ನೋಡ್ತೀರೇನೋ ಅನ್ಕೊಂಡಿದ್ದೆ.”

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಹೊರಡುವಾಗ ಅವಳೇ ಮಾತು ತೆಗೆದಳು. “ದೊಡ್ಡವನಿಗೆ ಲೆಕ್ಕ ನಾನೇ ಹೇಳ್ಕೊಡ್ತೀನಿ ಮಿಸ್. ಒಂಬತ್ತನೇ ಕ್ಲಾಸಿನ ಅರ್ಧದವರೆಗೆ ನಂಗೆ ಬರತ್ತೆ. ಆಮೇಲಿಂದು ಬರಲ್ಲ.”

ಈಗ ಭಾನುವಾರಗಳಲ್ಲಿ ಅವಳ ಮನೆಗೆ ಹೋಗುತ್ತೇನೆ. ಹುಡುಗನಿಗೆ ಪಾಠ. ಪಕ್ಕದಲ್ಲಿ ಅವಳೂ ಒಂದು ನೋಟ್‌ಬುಕ್ ಹಿಡಿದು ಕೂರುತ್ತಾಳೆ.